ಸ್ಕೌಟ್ ಮೇಷ್ಟ್ರು ಒಬ್ಬರೇ ಸಾಲದು

ಯಾವುದಾದರೂ ಶಾಲೆಯಲ್ಲಿ ಸ್ಕೌಟ್ ದಳ ಚೆನ್ನಾಗಿ ನಡೆಯುತ್ತಿದೆ ಎಂದರೆ ಅಲ್ಲೊಬ್ಬ ಹುರುಪಿನ ಮೇಷ್ಟ್ರೋ ಮೇಡಮ್ಮೋ ಇದ್ದಾರೆ ಎಂದೇ ಲೆಕ್ಕ. ಶನಿವಾರ ಶಾಲೆ ಬಿಟ್ಟ ಮೇಲೂ ಮನೆಗೆ ಹೋಗದೆ ಮೈದಾನದಲ್ಲಿ ನಿಲ್ಲುವವರು ಅವರೇ. ಹಗ್ಗ ತರುವವರು, ನೋಂದಣಿ ಅರ್ಜಿ ತುಂಬುವವರು, ಶಿಬಿರಕ್ಕೆ ಬಸ್ ಗೊತ್ತು ಮಾಡುವವರು, ಮಗುವಿಗೆ ಜ್ವರ ಬಂದರೆ ತಾಯಿಗೆ ಫೋನ್ ಮಾಡುವವರು ಎಲ್ಲ ಅವರೇ. ಅವರಿಗೆ ವರ್ಗವಾದ ವರ್ಷ ದಳವೂ ನಿಲ್ಲುತ್ತದೆ. ಧ್ವಜ, ಕೋಲು, ಹಗ್ಗ ಎಲ್ಲ ಆಟದ ಸಾಮಾನಿನ ಕೋಣೆ ಸೇರುತ್ತವೆ. ಮಕ್ಕಳಿಗೆ ಬೇಸರ ಬಂದು ನಿಂತ ದಳಗಳಿಗಿಂತ ಹೀಗೆ ದೊಡ್ಡವರ ಕೊರತೆಯಿಂದ ನಿಂತ ದಳಗಳನ್ನೇ ನಾನು ಹೆಚ್ಚು ಕಂಡಿದ್ದೇನೆ.

ಅದೇ ಊರಲ್ಲಿ ನಿವೃತ್ತ ಪೋಸ್ಟ್‌ಮಾಸ್ಟರ್ ಇರುತ್ತಾರೆ, ಆರೋಗ್ಯ ಕೇಂದ್ರದ ನರ್ಸ್ ಇರುತ್ತಾರೆ, ಕಾಲೇಜು ಮುಗಿಸಿ ಕೆಲಸಕ್ಕೆ ಕಾಯುತ್ತಿರುವ ಹಳೆಯ ಸ್ಕೌಟ್ ಹುಡುಗರಿರುತ್ತಾರೆ, ವಾರಕ್ಕೆರಡು ಗಂಟೆ ಬಿಡುವಿರುವ ತಾಯಂದಿರಿರುತ್ತಾರೆ. ಅವರನ್ನು ಯಾರೂ ಕೇಳಿರುವುದಿಲ್ಲ. ಸ್ಕೌಟಿಂಗ್ ಎಂದರೆ ಶಾಲೆಯ ವಿಷಯ, ಮೇಷ್ಟ್ರ ವಿಷಯ ಎಂದುಕೊಂಡು ಅವರೂ ಸುಮ್ಮನಿರುತ್ತಾರೆ. ಈ ಲೇಖನ ಅವರಿಗಾಗಿ. ಒಂದು ದಳದಲ್ಲಿ ದೊಡ್ಡವರಿಗೆ ಏನೇನು ಕೆಲಸವಿದೆ, ಯಾವುದಕ್ಕೆ ಎಷ್ಟು ಹೊತ್ತು ಬೇಕು, ಏನು ಕಲಿಯಬೇಕು, ಏನನ್ನು ಮಾಡಲೇಬಾರದು ಎನ್ನುವುದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ಮೇಷ್ಟ್ರಾಗಿರಲೇಬೇಕಿಲ್ಲ

ಭಾರತದಲ್ಲಿ ಸ್ಕೌಟಿಂಗ್ ಮೊದಲು ಕಾಲಿಟ್ಟದ್ದು ನಮ್ಮ ಬೆಂಗಳೂರಿನಲ್ಲೇ, 1909ರಲ್ಲಿ. ಶುರು ಮಾಡಿದವರು ಕ್ಯಾಪ್ಟನ್ ಟಿ.ಎಚ್. ಬೇಕರ್ ಎಂಬ ಸೇನಾಧಿಕಾರಿ. ಆಗ ಅದು ಬ್ರಿಟಿಷ್ ಮತ್ತು ಆಂಗ್ಲೋ ಇಂಡಿಯನ್ ಹುಡುಗರಿಗೆ ಮಾತ್ರ ಇತ್ತು. ಭಾರತೀಯ ಮಕ್ಕಳಿಗೆ ಬಾಗಿಲು ತೆರೆಯಲು ದುಡಿದವರ ಪಟ್ಟಿ ನೋಡಿ: ಆ್ಯನಿ ಬೆಸೆಂಟ್, ಮದನಮೋಹನ ಮಾಳವೀಯ, ಮುಂದೆ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಯಾದ ವಿವಿಯನ್ ಬೋಸ್, ಹೃದಯನಾಥ ಕುಂಜ್ರು. ಬಾಲಕರ ಸಂಸ್ಥೆಗಳು ಕೂಡಿ 1950ರ ನವೆಂಬರ್ 7ರಂದು ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಆಯಿತು. ಮರುವರ್ಷ ಬಾಲಕಿಯರ ಗೈಡ್ಸ್ ಸಂಸ್ಥೆಯೂ ಸೇರಿತು. ಅದರ ಮೊದಲ ರಾಷ್ಟ್ರೀಯ ಆಯುಕ್ತರು ಕುಂಜ್ರು. ಕನ್ನಡಿಗರಿಗೆ ಈ ಹೆಸರು ಬೇರೆ ಕಡೆಯಿಂದ ಪರಿಚಯ. ಕನ್ನಡ ನಾಡು ಒಂದಾಗಲು ದಾರಿ ಮಾಡಿದ ರಾಜ್ಯ ಪುನರ್ವಿಂಗಡಣಾ ಆಯೋಗದ ಮೂವರು ಸದಸ್ಯರಲ್ಲಿ ಅವರೂ ಒಬ್ಬರು. ನಮ್ಮ ರಾಜ್ಯದಲ್ಲೇ ನೋಡುವುದಾದರೆ, ಬೆಂಗಳೂರಿನ ಅರಮನೆ ರಸ್ತೆಯ ರಾಜ್ಯ ಕೇಂದ್ರ ಕಚೇರಿಯ ಸಭಾಂಗಣಕ್ಕೆ ಹೆಸರಾಗಿರುವ ಕೊಂಡಜ್ಜಿ ಬಸಪ್ಪನವರು ರಾಜಕಾರಣದಲ್ಲಿದ್ದುಕೊಂಡೇ ಸ್ಕೌಟಿಂಗ್‌ಗೆ ಬದುಕಿನ ದೊಡ್ಡ ಪಾಲು ಕೊಟ್ಟವರು. ಇವರ್ಯಾರೂ ಬಿಡುವಿದ್ದು ಬಂದವರಲ್ಲ, ಬಿಡುವು ಮಾಡಿಕೊಂಡು ಬಂದವರು.

ಹಾಗಾದರೆ ದಳಗಳು ಶಾಲೆಯೊಳಗೇ ಏಕಿವೆ? ಅನುಕೂಲಕ್ಕಾಗಿ. ಮಕ್ಕಳು, ಮೈದಾನ, ಮೇಷ್ಟ್ರು ಮೂರೂ ಅಲ್ಲಿ ಒಟ್ಟಿಗೆ ಸಿಗುತ್ತವೆ. ಆದರೆ ಸಂಸ್ಥೆಯ ನಿಯಮದಲ್ಲಿ ಓಪನ್ ಗ್ರೂಪ್‌ಗಳಿಗೂ ಅವಕಾಶವಿದೆ. ಒಂದು ಬಡಾವಣೆಯವರೋ ಹಳ್ಳಿಯವರೋ ಸೇರಿ, ಸ್ಥಳೀಯ ಸಂಸ್ಥೆಯ ಮೂಲಕ ಜಿಲ್ಲಾ ಸಂಸ್ಥೆಯಲ್ಲಿ ನೋಂದಾಯಿಸಿ ದಳ ನಡೆಸಬಹುದು. ಓಪನ್ ಗ್ರೂಪ್‌ಗಳ ಬಗ್ಗೆ ನನಗೆ ವಿಶೇಷ ಒಲವು. ಬೇರೆ ಬೇರೆ ಶಾಲೆಯ, ಬೇರೆ ಬೇರೆ ಮನೆತನದ ಮಕ್ಕಳು ಒಂದೇ ಡೇರೆಯಲ್ಲಿ ಮಲಗುವುದು ಅಲ್ಲಿ ಮಾತ್ರ ಸಾಧ್ಯ. ಇನ್ನೂ ಒಂದು ಲಾಭವಿದೆ. ಅದರ ಹಿರಿಯರು ಊರಿನವರೇ ಆದ್ದರಿಂದ ಅವರಿಗೆ ವರ್ಗದ ಭಯವಿಲ್ಲ.

ಯಾವ ವಯಸ್ಸಿನ ಮಕ್ಕಳು ನಿಮಗೆ ಒಗ್ಗುತ್ತಾರೆ?

ಸಮವಸ್ತ್ರ ತೊಟ್ಟು ಮಕ್ಕಳ ಜೊತೆ ನೇರವಾಗಿ ಕೆಲಸ ಮಾಡಬೇಕು ಎನ್ನುವವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು. ಶಾಲೆಗೆ ಸೇರುವ ಮುಂಚಿನ ಪುಟಾಣಿಗಳಿಗೆ ಬನ್ನಿ ವಿಭಾಗವಿದೆ. ಅಲ್ಲಿಂದ ಸುಮಾರು ಹತ್ತು ವರ್ಷದವರೆಗೆ ಹುಡುಗರು ಕಬ್, ಹುಡುಗಿಯರು ಬುಲ್‌ಬುಲ್. ಹತ್ತರಿಂದ ಹದಿನೇಳು ಹದಿನೆಂಟರ ತನಕ ಸ್ಕೌಟ್, ಗೈಡ್. ಆಮೇಲೆ ಇಪ್ಪತ್ತೈದರವರೆಗೆ ರೋವರ್, ರೇಂಜರ್.

ಕಬ್ ಮಕ್ಕಳಿಗೆ ಕಥೆ ಬೇಕು, ಆಟ ಬೇಕು, ಹಾಡು ಬೇಕು. ಅವರ ಲೋಕವೆಲ್ಲ ಕಿಪ್ಲಿಂಗ್‌ನ ಕಾಡಿನ ಕಥೆಯ ಮೇಲೆ ನಿಂತಿದೆ. ಕಬ್ ಮಾಸ್ಟರ್ ಅವರಿಗೆ ಅಕೇಲಾ. ಹತ್ತು ನಿಮಿಷಕ್ಕಿಂತ ಹೆಚ್ಚು ಹೊತ್ತು ಒಂದೇ ಕೆಲಸ ಹಿಡಿದು ಕೂರಿಸಲಾಗದು. ಮೈಯಲ್ಲಿ ಕಸುವಿದ್ದು, ಮಕ್ಕಳ ಮುಂದೆ ಕರಡಿಯಂತೆ ನಡೆದು ತೋರಿಸಲು ಸಂಕೋಚವಿಲ್ಲದವರಿಗೆ ಇದು ಹೇಳಿ ಮಾಡಿಸಿದ ಜಾಗ. ಅಜ್ಜಿಯಂದಿರು ಬುಲ್‌ಬುಲ್ ದಳವನ್ನು ಅದ್ಭುತವಾಗಿ ನಡೆಸಬಲ್ಲರು. ರೋವರ್, ರೇಂಜರ್ ವಿಭಾಗದ ಕೆಲಸ ಇದಕ್ಕೆ ತದ್ವಿರುದ್ಧ. ಅಲ್ಲಿರುವವರು ಯುವಕ ಯುವತಿಯರು. ಉದ್ಯೋಗ, ಓದು, ಮನೆಯ ಚಿಂತೆ ಹೊತ್ತು ಬರುತ್ತಾರೆ. ಹೇಳಿಕೊಡುವುದಕ್ಕಿಂತ ಕೇಳಿಸಿಕೊಳ್ಳುವುದು ಅಲ್ಲಿ ಮುಖ್ಯ.

ನಡುವಿನ ಸ್ಕೌಟ್, ಗೈಡ್ ವಿಭಾಗಕ್ಕೆ ಸ್ಕೌಟ್ ಮಾಸ್ಟರ್ ಮತ್ತು ಗೈಡ್ ಕ್ಯಾಪ್ಟನ್, ಅವರಿಗೆ ಸಹಾಯಕರು. ಈ ಎಲ್ಲ ವಿಭಾಗಗಳು ಒಂದೇ ಕಡೆ ಇದ್ದರೆ ಅವನ್ನು ಕೂಡಿಸಿ ನಡೆಸಲು ಗ್ರೂಪ್ ಲೀಡರ್. ಹುದ್ದೆಗೆ ತಕ್ಕಂತೆ ಕನಿಷ್ಠ ವಯಸ್ಸು, ವಿದ್ಯಾರ್ಹತೆಯ ನಿಯಮಗಳಿವೆ. ಜಿಲ್ಲಾ ಕಚೇರಿಯಲ್ಲಿ ವಿಚಾರಿಸಿದರೆ ಆಯಾ ವರ್ಷದ ನಿಯಮ ತಿಳಿಯುತ್ತದೆ.

ಕೈ ಹಿಂದೆ ಕಟ್ಟಿಕೊಳ್ಳುವುದನ್ನು ಕಲಿಯಿರಿ

ಸ್ಕೌಟ್ ಮಾಸ್ಟರ್ ಕೆಲಸ ಪಾಠ ಹೇಳುವುದಲ್ಲ, ಡ್ರಿಲ್ ಮಾಡಿಸುವುದೂ ಅಲ್ಲ. ಹೊಸದಾಗಿ ಬಂದ ಹಿರಿಯರು ಎಡವುವುದು ಇಲ್ಲೇ, ಅದರಲ್ಲೂ ಶಿಕ್ಷಕರಾಗಿದ್ದವರು. ಮಕ್ಕಳನ್ನು ಸಾಲಾಗಿ ನಿಲ್ಲಿಸಿ ತಾವೇ ಗಂಟು ಹಾಕಿ ತೋರಿಸುತ್ತಾರೆ, ತಾವೇ ತಂಡ ಮಾಡುತ್ತಾರೆ, ತಾವೇ ತೀರ್ಪು ಕೊಡುತ್ತಾರೆ. ಅದೊಂದು ಅಚ್ಚುಕಟ್ಟಾದ ಪಿ.ಟಿ. ಪೀರಿಯಡ್ ಆದೀತು, ಸ್ಕೌಟಿಂಗ್ ಆಗದು.

1907ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಸ್ಕೌಟಿಂಗ್ ಹುಟ್ಟುಹಾಕಿದ ಬೇಡನ್ ಪೊವೆಲ್ ನಡೆಸಿದ ಮೊದಲ ಶಿಬಿರದಲ್ಲೇ ಹುಡುಗರನ್ನು ಸಣ್ಣ ಸಣ್ಣ ಪ್ಯಾಟ್ರೋಲ್‌ಗಳಾಗಿ ಮಾಡಿ, ಪ್ರತಿಯೊಂದನ್ನೂ ಒಬ್ಬ ಹುಡುಗನ ಕೈಗೆ ಒಪ್ಪಿಸಿದ್ದರು. ಇವತ್ತಿಗೂ ಅದೇ ಪದ್ಧತಿ. ಆರರಿಂದ ಎಂಟು ಮಕ್ಕಳ ಒಂದು ಪ್ಯಾಟ್ರೋಲ್, ಅದಕ್ಕೊಬ್ಬ ಲೀಡರ್, ಒಬ್ಬ ಸೆಕೆಂಡ್. ಪ್ಯಾಟ್ರೋಲ್ ಲೀಡರ್‌ಗಳೆಲ್ಲ ಸೇರಿ ಕೋರ್ಟ್ ಆಫ್ ಆನರ್. ಮುಂದಿನ ತಿಂಗಳ ಹೈಕ್ ಎಲ್ಲಿಗೆ, ದಳದ ಹಣದಲ್ಲಿ ಹಗ್ಗ ಕೊಳ್ಳಬೇಕೋ ಪಾತ್ರೆ ಕೊಳ್ಳಬೇಕೋ, ಪದೇ ಪದೇ ತಡವಾಗಿ ಬರುವವನಿಗೆ ಏನು ಹೇಳಬೇಕು ಎನ್ನುವುದೆಲ್ಲ ತೀರ್ಮಾನವಾಗುವುದು ಅಲ್ಲಿ. ಹಿರಿಯರು ಅಲ್ಲಿ ಸಲಹೆಗಾರರಾಗಿ ಕೂರುತ್ತಾರೆ. ಕೂರಬೇಕು ಅಷ್ಟೇ, ಕೇಳಿದರೆ ಮಾತಾಡಬೇಕು.

ಹಾಗಾಗಿ ಒಳ್ಳೆಯ ಸ್ಕೌಟ್ ಮಾಸ್ಟರ್ ತನ್ನ ಹೆಚ್ಚಿನ ಹೊತ್ತನ್ನು ಕೊಡುವುದು ಇಡೀ ದಳಕ್ಕಲ್ಲ, ನಾಲ್ಕು ಜನ ಪ್ಯಾಟ್ರೋಲ್ ಲೀಡರ್‌ಗಳಿಗೆ. ಬುಧವಾರ ಸಂಜೆ ಅರ್ಧ ಗಂಟೆ ಅವರನ್ನು ಕೂರಿಸಿಕೊಂಡು ಬೋಲೈನ್ ಗಂಟು ಕಲಿಸಿದರೆ ಶನಿವಾರ ಅವರು ತಮ್ಮ ತಮ್ಮ ಪ್ಯಾಟ್ರೋಲ್‌ಗೆ ಕಲಿಸುತ್ತಾರೆ. ಅವರ ಕಲಿಸುವಿಕೆ ನಿಮ್ಮಷ್ಟು ಚೆನ್ನಾಗಿರುವುದಿಲ್ಲ. ಒಬ್ಬ ತಪ್ಪಾಗಿ ಹೇಳಿಕೊಡುತ್ತಾನೆ, ಇನ್ನೊಬ್ಬಳು ಸಿಟ್ಟು ಮಾಡಿಕೊಂಡು ಹಗ್ಗ ಬಿಸಾಡುತ್ತಾಳೆ. ನಿಮ್ಮ ಕೈ ತುರಿಸುತ್ತದೆ. ಆಗಲೇ ಕೈಯನ್ನು ಹಿಂದೆ ಕಟ್ಟಿಕೊಳ್ಳಬೇಕು. ಹದಿಮೂರರ ಹುಡುಗಿಯೊಬ್ಬಳು ಏಳು ಜನರನ್ನು ಸಂಭಾಳಿಸಲು ಕಲಿಯುವುದು ಹೀಗೆ ಒದ್ದಾಡುತ್ತಲೇ.

ಎಲ್ಲಿ ಸುಮ್ಮನಿರಬೇಕು, ಎಲ್ಲಿ ಕೈ ಹಾಕಬೇಕು? ನಾನು ಹೊಸಬರಿಗೆ ಹೇಳುವುದು ಇಷ್ಟು: ತೊಂದರೆಯಾಗುತ್ತಿದ್ದರೆ ಬಿಡಿ, ಅಪಾಯವಾಗುವಂತಿದ್ದರೆ ಬಿಡಬೇಡಿ. ಅನ್ನ ಅರೆಬೆಂದರೆ ಬಿಡಿ, ಇನ್ನಷ್ಟು ನೀರು ಹಾಕಿ ಬೇಯಿಸುತ್ತಾರೆ, ಇಲ್ಲವೇ ಗಟ್ಟಿ ಅನ್ನವನ್ನೇ ಉಂಡು ಮುಂದಿನ ಸಲಕ್ಕೆ ಪಾಠ ಕಲಿಯುತ್ತಾರೆ. ಡೇರೆಯ ಗೂಟ ಸಡಿಲವಾಗಿದ್ದರೆ ಬಿಡಿ, ಗಾಳಿ ಹೇಳಿಕೊಡುತ್ತದೆ. ಆದರೆ ಒಲೆಯ ಬಳಿ ನೈಲಾನ್ ದುಪಟ್ಟಾ ಹಾರುತ್ತಿದ್ದರೆ, ಮಚ್ಚು ಬೀಸುವವನ ಎದುರಿಗೆ ಇನ್ನೊಬ್ಬ ನಿಂತಿದ್ದರೆ, ಒಂದು ಮಗುವನ್ನು ಉಳಿದವರೆಲ್ಲ ಸೇರಿ ಗೋಳು ಹೊಯ್ದುಕೊಳ್ಳುತ್ತಿದ್ದರೆ ಆ ಕ್ಷಣವೇ ನಿಲ್ಲಿಸಬೇಕು. ಮೂರನೆಯದನ್ನು ಬಹಳ ಜನ ‘ಮಕ್ಕಳಾಟ’ ಎಂದು ತಳ್ಳಿಹಾಕುತ್ತಾರೆ. ದಳ ಬಿಟ್ಟು ಹೋಗುವ ಎಷ್ಟೋ ಮಕ್ಕಳು ಬಿಡುವುದು ಇದೇ ಕಾರಣಕ್ಕೆ, ಮನೆಯಲ್ಲಿ ಮಾತ್ರ ಬೇರೆ ಏನಾದರೂ ನೆಪ ಹೇಳಿರುತ್ತಾರೆ.

ವಾರದ ಸಭೆ ಒಂದೂವರೆ ಗಂಟೆಯದಾದರೆ ಅದನ್ನು ಹೀಗೆ ಹಂಚಬಹುದು. ಧ್ವಜ, ಪ್ರಾರ್ಥನೆ, ಸಮವಸ್ತ್ರದ ತಪಾಸಣೆಗೆ ಹದಿನೈದು ನಿಮಿಷ. ಮೈಬೆವರುವ ಒಂದು ಆಟಕ್ಕೆ ಹತ್ತು. ಹೊಸ ಕೌಶಲಕ್ಕೆ ಇಪ್ಪತ್ತು. ಪ್ಯಾಟ್ರೋಲ್‌ಗಳು ತಮ್ಮ ತಮ್ಮ ಮೂಲೆಯಲ್ಲಿ ಕೂತು ಮಾಡುವ ಕೆಲಸಕ್ಕೆ ಅರ್ಧ ಗಂಟೆ, ಇದನ್ನು ಯಾವ ಕಾರಣಕ್ಕೂ ಕಡಿಮೆ ಮಾಡಬೇಡಿ. ಉಳಿದದ್ದು ಹಾಡು, ಸೂಚನೆ, ಧ್ವಜ ಇಳಿಸುವುದು. ಭಾಷಣಕ್ಕೆ ಹೊತ್ತು ಇಟ್ಟಿಲ್ಲ, ಅದು ಬೇಕಾಗಿಲ್ಲ. ಸ್ಕೌಟ್ ನಿಯಮಗಳು ಒಂಬತ್ತಿವೆ. ಅವನ್ನು ಬಾಯಿಪಾಠ ಒಪ್ಪಿಸಿಕೊಳ್ಳುವುದರಲ್ಲಿ ಏನೂ ಇಲ್ಲ. ಮಿತವ್ಯಯಿ ಆಗಿರಬೇಕು ಎಂಬ ನಿಯಮವನ್ನು ಉಳಿದ ಅನ್ನ ಏನು ಮಾಡುವುದೆಂದು ಪ್ಯಾಟ್ರೋಲ್ ತಾನೇ ಯೋಚಿಸುವಾಗ ಕಲಿಸಬಹುದು.

ಸಮವಸ್ತ್ರ ಬೇಡದ ಕೆಲಸಗಳು

ಪ್ರತಿ ಶನಿವಾರ ಬರಲಾಗದು, ಮಕ್ಕಳನ್ನು ಆಡಿಸಲು ಬಾರದು ಎನ್ನುವವರಿಗೇ ನಿಜವಾಗಿ ಹೆಚ್ಚು ಕೆಲಸವಿದೆ. ಇವನ್ನೆಲ್ಲ ಸ್ಕೌಟ್ ಮಾಸ್ಟರ್ ತಲೆಗೆ ಕಟ್ಟಿರುವುದರಿಂದಲೇ ಅವರು ಎರಡು ಮೂರು ವರ್ಷಕ್ಕೆ ಸುಸ್ತಾಗಿ ಕೈಬಿಡುತ್ತಾರೆ.

ಮೊದಲನೆಯದು ದಾಖಲೆ. ಒಬ್ಬ ಸ್ಕೌಟ್ ಪ್ರವೇಶದಿಂದ ಪ್ರಥಮ, ದ್ವಿತೀಯ, ತೃತೀಯ ಸೋಪಾನ ದಾಟಿ ರಾಜ್ಯ ಪುರಸ್ಕಾರಕ್ಕೆ, ಅಲ್ಲಿಂದ ರಾಷ್ಟ್ರಪತಿ ಪುರಸ್ಕಾರಕ್ಕೆ ಹೋಗುತ್ತಾನೆ. ಒಂದು ಹಂತದಿಂದ ಇನ್ನೊಂದಕ್ಕೆ ಇಂತಿಷ್ಟು ತಿಂಗಳ ಅಂತರವಿರಬೇಕೆಂಬ ನಿಯಮವಿದೆ, ವಯಸ್ಸಿನ ಮಿತಿಯೂ ಇದೆ. ಸ್ಕೌಟ್ ಪ್ರತಿಜ್ಞೆ ತೆಗೆದುಕೊಳ್ಳುವ ದೀಕ್ಷೆಯ ದಿನಾಂಕ ಬರೆದಿಡಲಿಲ್ಲ, ಆ ವರ್ಷದ ನೋಂದಣಿ ಶುಲ್ಕ ಕಟ್ಟಲಿಲ್ಲ ಎಂದಾದರೆ ಯೋಗ್ಯತೆಯಿರುವ ಮಗುವಿಗೂ ಪುರಸ್ಕಾರ ಕೈತಪ್ಪುತ್ತದೆ. ಇಲ್ಲಿ ಮಗುವಿನ ತಪ್ಪೇನೂ ಇರುವುದಿಲ್ಲ. ಬ್ಯಾಂಕಿನಲ್ಲೋ ಅಂಚೆ ಕಚೇರಿಯಲ್ಲೋ ದುಡಿದು ನಿವೃತ್ತರಾದ ಒಬ್ಬರು ತಿಂಗಳಿಗೆ ಮೂರು ಗಂಟೆ ಕೊಟ್ಟರೆ ಇದು ಸರಿಹೋಗುತ್ತದೆ. ಪ್ರತಿ ಮಗುವಿಗೂ ಒಂದು ಪುಟ. ಸೇರಿದ ದಿನ, ದೀಕ್ಷೆಯ ದಿನ, ಮುಗಿಸಿದ ಪರೀಕ್ಷೆಗಳು, ಮುಂದಿನ ಪರೀಕ್ಷೆಗೆ ಅರ್ಹವಾಗುವ ತಿಂಗಳು. ಮೇಷ್ಟ್ರು ಬದಲಾದರೂ ಈ ಪುಸ್ತಕ ಉಳಿದಿದ್ದರೆ ಹೊಸಬರು ಮರುದಿನದಿಂದಲೇ ದಳ ನಡೆಸಬಹುದು.

ಹಣ ನೋಡುವವರು ಬೇರೆಯೇ ಇರಬೇಕು. ದಳದ ಹೆಸರಿನಲ್ಲೇ ಬ್ಯಾಂಕ್ ಖಾತೆ, ಇಬ್ಬರ ಸಹಿ, ಕೊಟ್ಟ ಪ್ರತಿ ರೂಪಾಯಿಗೂ ರಶೀದಿ. ಶಿಬಿರ ಮುಗಿದ ವಾರದೊಳಗೆ ಖರ್ಚಿನ ಪಟ್ಟಿ ಪೋಷಕರಿಗೆ ತಲುಪಲಿ. ಹಣದ ಮಾತಿನಲ್ಲಿ ಒಮ್ಮೆ ಅನುಮಾನ ಹುಟ್ಟಿದರೆ ಎಷ್ಟು ಒಳ್ಳೆಯ ಸ್ಕೌಟ್ ಮಾಸ್ಟರ್‌ಗೂ ತಲೆ ಎತ್ತಿ ನಿಲ್ಲಲು ಕಷ್ಟ. ಮಕ್ಕಳ ಜೊತೆ ಇರುವವರನ್ನು ದುಡ್ಡಿನ ವ್ಯವಹಾರದಿಂದ ದೂರವಿಡುವುದು ಅವರಿಗೆ ನಾವು ಮಾಡುವ ಉಪಕಾರ.

ಸಾಮಾನು ನೋಡಿಕೊಳ್ಳುವವರು ಇನ್ನೊಬ್ಬರು. ಒದ್ದೆ ಡೇರೆ ಮಡಚಿಟ್ಟರೆ ಎರಡೇ ದಿನಕ್ಕೆ ಬೂಷ್ಟು ಹಿಡಿಯುತ್ತದೆ. ಶಿಬಿರದಿಂದ ಬಂದ ಮರುದಿನ ಅದನ್ನು ಹರಡಿ ಒಣಗಿಸಬೇಕು. ಹಗ್ಗದ ತುದಿ ಬಿಚ್ಚಿಕೊಳ್ಳದಂತೆ ದಾರ ಸುತ್ತಬೇಕು. ಗೂಟ ಎಣಿಸಬೇಕು, ಪಾತ್ರೆಯ ತಳ ಉಜ್ಜಿಸಬೇಕು. ಇದನ್ನೂ ಮಕ್ಕಳ ಕೈಯಲ್ಲೇ ಮಾಡಿಸಬೇಕು, ಆದರೆ ನೆನಪಿಸಲು ಒಬ್ಬರು ಬೇಕು.

ಶಿಬಿರದ ದಿನಸಿಯ ಹೊಣೆ ಹೊರುವವರು ಸಿಕ್ಕರೆ ಅರ್ಧ ಶಿಬಿರ ಗೆದ್ದಂತೆ. ಇಪ್ಪತ್ತನಾಲ್ಕು ಮಕ್ಕಳು, ನಾಲ್ಕು ಹಿರಿಯರು ಎಂದಿಟ್ಟುಕೊಳ್ಳಿ. ಬೆಳೆಯುವ ಮಕ್ಕಳಿಗೆ ಒಂದು ಊಟಕ್ಕೆ ತಲೆಗೆ ನೂರರಿಂದ ನೂರ ಇಪ್ಪತ್ತೈದು ಗ್ರಾಂ ಅಕ್ಕಿ ಬೇಕು, ಅಂದರೆ ಹತ್ತಿರ ಹತ್ತಿರ ಮೂರೂವರೆ ಕಿಲೋ. ಸಾರಿಗೆ ತೊಗರಿಬೇಳೆ ಒಂದು ಕಿಲೋಗಿಂತ ತುಸು ಹೆಚ್ಚು. ಬೆಳಗಿನ ಉಪ್ಪಿಟ್ಟಿಗೆ ಎರಡು ಕಿಲೋ ರವೆ. ಮೈಸೂರು, ಮಂಡ್ಯ, ತುಮಕೂರು ಕಡೆಯ ಮಕ್ಕಳಾದರೆ ಒಂದು ಹೊತ್ತು ಮುದ್ದೆ ಇರಲಿ, ಹೊಟ್ಟೆಯಲ್ಲಿ ನಿಲ್ಲುತ್ತದೆ. ಆದರೆ ಮುದ್ದೆ ತಿರುವುವುದನ್ನು ಮಕ್ಕಳಿಗೆ ಬಿಡುವ ಮುಂಚೆ ಗೊತ್ತಿದ್ದವರು ಪಕ್ಕದಲ್ಲಿರಲಿ, ಬಿಸಿ ಹಿಟ್ಟು ಕೈಗೆ ಅಂಟಿದರೆ ಕೆಟ್ಟದಾಗಿ ಸುಡುತ್ತದೆ. ಕುಡಿಯುವ ನೀರು ತಲೆಗೆ ದಿನಕ್ಕೆ ಮೂರು ಲೀಟರ್‌ಗೆ ಕಡಿಮೆಯಾಗಬಾರದು, ಬೇಸಿಗೆಯಲ್ಲಿ ಅದಕ್ಕಿಂತ ಹೆಚ್ಚು.

ಇನ್ನು ಪರೀಕ್ಷಕರು. ಅಡುಗೆ, ತೋಟಗಾರಿಕೆ, ಸೈಕಲ್, ವಿದ್ಯುತ್ ಕೆಲಸ, ಪ್ರಥಮ ಚಿಕಿತ್ಸೆ, ದಾರಿ ಹುಡುಕುವುದು ಹೀಗೆ ಹತ್ತಾರು ಪ್ರಾವೀಣ್ಯ ಬ್ಯಾಡ್ಜ್‌ಗಳಿವೆ. ಇವನ್ನು ನಿಜವಾಗಿ ಆ ಕೆಲಸ ಬಲ್ಲವರೇ ಕಲಿಸಿ, ಪರೀಕ್ಷಿಸಿದರೆ ಅದರ ಬೆಲೆಯೇ ಬೇರೆ. ಊರಿನ ಸೈಕಲ್ ಶಾಪಿನವರು ಪಂಕ್ಚರ್ ಹಾಕುವುದನ್ನು ತೋರಿಸಿದರೆ, ಲೈನ್‌ಮನ್ ಬಂದು ಫ್ಯೂಸ್ ಬಗ್ಗೆ ಹೇಳಿದರೆ, ನರ್ಸ್ ಬಂದು ಬ್ಯಾಂಡೇಜ್ ಕಟ್ಟಿಸಿದರೆ ಮಕ್ಕಳಿಗೆ ಆ ವಿದ್ಯೆಯ ಜೊತೆ ಆ ಕಸುಬಿನವರ ಮೇಲೆ ಗೌರವವೂ ಹುಟ್ಟುತ್ತದೆ. ವರ್ಷಕ್ಕೆ ಎರಡು ಮಧ್ಯಾಹ್ನ ಸಾಕು.

ಗೈಡ್ ದಳದ ಬಗ್ಗೆ ಒಂದು ಮಾತು ಒತ್ತಿ ಹೇಳಬೇಕು. ಹೆಣ್ಣುಮಕ್ಕಳು ರಾತ್ರಿ ಉಳಿಯುವ ಶಿಬಿರಕ್ಕೆ ಹೋಗಲಾಗದೆ ಹಿಂದುಳಿಯುವುದು ಹೆಚ್ಚಾಗಿ ಜೊತೆಗೆ ಹೋಗಲು ಹೆಂಗಸರು ಸಿಗದಿರುವುದರಿಂದ. ಗೈಡ್ ಕ್ಯಾಪ್ಟನ್ ಒಬ್ಬರೇ ಇದ್ದು ಅವರ ಮನೆಯಲ್ಲೇ ಏನಾದರೂ ಆದರೆ ಇಡೀ ಗೈಡ್ ದಳದ ಶಿಬಿರ ರದ್ದು. ಒಬ್ಬ ತಾಯಿ ಮುಂದೆ ಬಂದು, ‘ನಾನೂ ಬರ್ತೀನಿ, ಕಳಿಸಿಕೊಡ್ರಿ’ ಎಂದರೆ ಉಳಿದ ತಾಯಂದಿರು ಒಪ್ಪುತ್ತಾರೆ. ಹಾಗೆ ಬರುವವರಿಗೆ ಗಂಟು ಹಾಕಲು ಬರಬೇಕಿಲ್ಲ. ಮುಟ್ಟಿನ ದಿನಗಳಲ್ಲಿ ಹೆದರಿದ ಹುಡುಗಿಯ ಪಕ್ಕ ಕೂರಲು ಬಂದರೆ ಸಾಕು.

ಸುರಕ್ಷತೆ: ಇಲ್ಲಿ ರಾಜಿ ಇಲ್ಲ

ಮಕ್ಕಳ ನಡುವೆ ಕೆಲಸ ಮಾಡುವ ಯಾವ ವಯಸ್ಕರೂ ತಮ್ಮನ್ನು ವಿಚಾರಿಸಿದರೆಂದು ಬೇಸರ ಪಡಬಾರದು. ನೀವು ಯಾರು, ಎಲ್ಲಿ ಕೆಲಸ ಮಾಡಿದ್ದೀರಿ, ಯಾರು ನಿಮ್ಮನ್ನು ಬಲ್ಲರು ಎಂದು ದಳದವರು ಕೇಳಬೇಕು. ಕೇಳದೆ ಸೇರಿಸಿಕೊಳ್ಳುವ ದಳದ ಬಗ್ಗೆ ಪೋಷಕರು ಎಚ್ಚರವಾಗಿರಬೇಕು. ಊರಿಗೆ ಗೊತ್ತಿರುವವರು, ದೊಡ್ಡ ಮನುಷ್ಯರು ಎನ್ನುವ ರಿಯಾಯಿತಿ ಇಲ್ಲಿ ಸಲ್ಲದು.

ಮೊದಲ ನಿಯಮ, ಒಬ್ಬ ವಯಸ್ಕ ಒಂದು ಮಗುವಿನ ಜೊತೆ ಮರೆಯಲ್ಲಿ ಒಂಟಿಯಾಗಿ ಇರಕೂಡದು. ಗುಟ್ಟಾಗಿ ಮಾತಾಡಬೇಕಿದ್ದರೂ ಉಳಿದವರ ಕಣ್ಣಿಗೆ ಕಾಣುವ ಜಾಗದಲ್ಲಿ ಕೂತು ಮಾತಾಡಬಹುದು. ಶಿಬಿರಕ್ಕೆ ಕನಿಷ್ಠ ಇಬ್ಬರು ಹಿರಿಯರು. ಹಿರಿಯರ ಡೇರೆ ಬೇರೆ, ಮಕ್ಕಳ ಡೇರೆ ಬೇರೆ. ಸ್ನಾನದ ಜಾಗವೂ ಬೇರೆ. ಮಗುವಿಗೆ ಸಂದೇಶ ಕಳಿಸುವುದಿದ್ದರೆ ಪೋಷಕರೂ ಇರುವ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಕಳಿಸಿ, ಪ್ರತ್ಯೇಕವಾಗಿ ಬೇಡ. ಹೊಡೆಯುವುದು, ಬಿಸಿಲಲ್ಲಿ ನಿಲ್ಲಿಸುವುದು, ಊಟ ತಡೆಯುವುದು ಶಿಸ್ತಲ್ಲ, ಹಿಂಸೆ.

ಮಗುವೊಂದು ತನ್ನ ಮೇಲಾದ ಲೈಂಗಿಕ ದೌರ್ಜನ್ಯವನ್ನು ಹೇಳಿಕೊಂಡರೆ, ಅದು ಮನೆಯಲ್ಲಾಗಿರಲಿ, ಶಾಲೆಯಲ್ಲಾಗಿರಲಿ, ದಳದಲ್ಲೇ ಆಗಿರಲಿ, ನಿಮ್ಮ ಮುಂದೆ ಒಂದೇ ದಾರಿ. 2012ರ ಪೋಕ್ಸೊ ಕಾಯ್ದೆಯ ಪ್ರಕಾರ 18 ವರ್ಷದೊಳಗಿನ ಮಗುವಿನ ಮೇಲೆ ಇಂಥ ಅಪರಾಧ ನಡೆದದ್ದು ತಿಳಿದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿರುವುದೇ ಶಿಕ್ಷಾರ್ಹ ಅಪರಾಧ. ಮಕ್ಕಳ ಸಹಾಯವಾಣಿ 1098 ಎಲ್ಲರಿಗೂ ಬಾಯಿಪಾಠವಾಗಿರಲಿ. ನೀವೇ ತನಿಖೆ ಮಾಡಲು ಹೋಗಬೇಡಿ, ಮಗುವನ್ನು ಮತ್ತೆ ಮತ್ತೆ ಕೇಳಬೇಡಿ, ‘ಯಾರಿಗೂ ಹೇಳಲ್ಲ’ ಎಂದು ಮಾತು ಕೊಡಬೇಡಿ. ಹೇಳಿದ್ದನ್ನು ನಂಬಿದ್ದೇನೆ ಎಂದು ಮಗುವಿಗೆ ಅನ್ನಿಸಿದರೆ ಆ ಹೊತ್ತಿಗೆ ಅದೇ ದೊಡ್ಡದು. ದಳದ ಹೆಸರು ಕೆಡುತ್ತದೆ ಎಂದು ಮುಚ್ಚಿಡುವವರು ಮಗುವಿಗೆ ಎರಡನೇ ಸಲ ದ್ರೋಹ ಮಾಡುತ್ತಾರೆ.

ಹೊರಗೆ ಹೋದಾಗಿನ ಅಪಾಯಗಳಲ್ಲಿ ನನಗೆ ಹೆಚ್ಚು ಭಯ ನೀರಿನದು. ನಮ್ಮ ಕೆರೆ, ಹೊಳೆ, ನೀರು ನಿಂತ ಕಲ್ಲುಕ್ವಾರಿಗಳಲ್ಲಿ ಪ್ರತಿ ಬೇಸಿಗೆ ಮಕ್ಕಳು ಮುಳುಗುತ್ತಾರೆ. ಶಿಬಿರದ ಜಾಗದ ಹತ್ತಿರ ನೀರಿದ್ದರೆ ಅದಕ್ಕೆ ಗಡಿ ಗುರುತು ಮಾಡಿ, ಕಾವಲಿಗೆ ಒಬ್ಬರನ್ನು ಹೆಸರಿಟ್ಟು ನೇಮಿಸಿ. ಹಾವು ಕಚ್ಚಿದರೆ ಕೊಯ್ಯಬೇಡಿ, ಹೀರಬೇಡಿ, ಬಿಗಿಯಾಗಿ ಕಟ್ಟಬೇಡಿ. ಅಲುಗಾಡಿಸದೆ, 108ಕ್ಕೆ ಕರೆ ಮಾಡಿ, ವಿಷಕ್ಕೆ ಔಷಧವಿರುವ ಆಸ್ಪತ್ರೆಗೆ ಒಯ್ಯಿರಿ. ಆ ಆಸ್ಪತ್ರೆ ಯಾವುದು ಎನ್ನುವುದನ್ನು ಹೊರಡುವ ಮುಂಚೆಯೇ ವಿಚಾರಿಸಿಟ್ಟಿರಬೇಕು. ಕಾಡಿನೊಳಗಿನ ಚಾರಣಕ್ಕೆ ಅರಣ್ಯ ಇಲಾಖೆಯ ಅನುಮತಿ ಪಡೆಯಬೇಕು. ಪೋಷಕರಿಂದ ಬರೆಸಿಕೊಳ್ಳುವ ಒಪ್ಪಿಗೆ ಪತ್ರದಲ್ಲಿ ಸಹಿಯಷ್ಟೇ ಇದ್ದರೆ ಸಾಲದು; ಮಗುವಿಗೆ ಆಗದ ಆಹಾರ, ನಿತ್ಯದ ಔಷಧ, ಫಿಟ್ಸ್, ಉಬ್ಬಸದಂಥ ತೊಂದರೆ, ಎರಡು ಫೋನ್ ನಂಬರ್ ಇರಲಿ.

ತರಬೇತಿ ಮತ್ತು ನೇಮಕ

ಮಕ್ಕಳಿಗಿಂತ ಮೊದಲು ದೊಡ್ಡವರಿಗೆ ಕಲಿಸಬೇಕೆಂದು ಬೇಡನ್ ಪೊವೆಲ್‌ಗೆ ಬೇಗ ಅರಿವಾಯಿತು. 1919ರಲ್ಲಿ ಲಂಡನ್ ಬಳಿಯ ಗಿಲ್ವೆಲ್ ಪಾರ್ಕಿನಲ್ಲಿ ಮೊದಲ ವುಡ್ ಬ್ಯಾಡ್ಜ್ ತರಬೇತಿ ನಡೆಯಿತು. ಮುಗಿಸಿದವರಿಗೆ ಅವರು ಕೊಟ್ಟದ್ದು ತಾವು ದಕ್ಷಿಣ ಆಫ್ರಿಕಾದಿಂದ ತಂದಿದ್ದ ಮಣಿಸರದ ಮರದ ಮಣಿಗಳನ್ನು. ಭಾರತದಲ್ಲಿ ಇದೇ ಪದವಿಗೆ ಹಿಮಾಲಯ ವುಡ್ ಬ್ಯಾಡ್ಜ್ ಎಂದು ಹೆಸರು. ಹಿರಿಯ ಲೀಡರ್‌ಗಳ ಕೊರಳಲ್ಲಿ ಚರ್ಮದ ದಾರಕ್ಕೆ ಪೋಣಿಸಿದ ಎರಡು ಮಣಿ ಕಂಡರೆ ಅವರು ಅದನ್ನು ಮುಗಿಸಿದ್ದಾರೆ ಎಂದರ್ಥ. ಮೂರು ಮಣಿ ಇದ್ದವರು ಸಹಾಯಕ ತರಬೇತುದಾರರು, ನಾಲ್ಕಿದ್ದವರು ತರಬೇತುದಾರರು.

ದಾರಿ ಹೀಗಿದೆ. ಮೊದಲು ಸಂಸ್ಥೆಯ ಪರಿಚಯ ಮಾಡಿಕೊಡುವ ಕಿರು ಶಿಬಿರ. ಆಮೇಲೆ ಒಂದು ವಾರದ ಬೇಸಿಕ್ ಕೋರ್ಸ್, ಅಲ್ಲಿ ನೀವೇ ಪ್ಯಾಟ್ರೋಲ್‌ನ ಸದಸ್ಯರಾಗಿ ಡೇರೆ ಕಟ್ಟಿ, ಅಡುಗೆ ಮಾಡಿ, ಪಾತ್ರೆ ತೊಳೆಯುತ್ತೀರಿ. ಕೆಲಕಾಲ ದಳ ನಡೆಸಿದ ಮೇಲೆ ಅಡ್ವಾನ್ಸ್ಡ್ ಕೋರ್ಸ್, ನಂತರ ಹಿಮಾಲಯ ವುಡ್ ಬ್ಯಾಡ್ಜ್. ದೊಡ್ಡಬಳ್ಳಾಪುರದ ಆ್ಯನಿ ಬೆಸೆಂಟ್ ಪಾರ್ಕ್ ಮತ್ತು ಹರಿಹರದ ಬಳಿಯ ಕೊಂಡಜ್ಜಿ ನಮ್ಮ ರಾಜ್ಯದ ಹೆಸರಾಂತ ತರಬೇತಿ ಕೇಂದ್ರಗಳು. ರಾಷ್ಟ್ರೀಯ ಕೇಂದ್ರ ಮಧ್ಯಪ್ರದೇಶದ ಪಚ್‌ಮಡಿಯಲ್ಲಿದೆ. ಲೀಡರ್ ಆಗಿ ಕೆಲಸ ಮಾಡಲು ಜಿಲ್ಲಾ ಸಂಸ್ಥೆಯಿಂದ ವಾರಂಟ್ ಬೇಕು, ಅದು ನಿಮ್ಮ ಅಧಿಕೃತ ನೇಮಕ ಪತ್ರ. ಸಂಬಳ ಇಲ್ಲ. ದೊಡ್ಡ ರಜೆ ಸಿಗದ ನೌಕರರಿಗೆ ಆ ಒಂದು ವಾರ ಹೊಂದಿಸುವುದೇ ಕಷ್ಟದ ಮಾತು, ಅದಕ್ಕೆ ದಸರಾ ಅಥವಾ ಬೇಸಿಗೆ ರಜೆಯ ತರಬೇತಿಗಳ ದಿನಾಂಕವನ್ನು ಮುಂಚೆಯೇ ತಿಳಿದಿಟ್ಟುಕೊಳ್ಳಿ.

ಹೊರದೇಶದ ಕನ್ನಡ ತಂದೆ ತಾಯಂದಿರಿಗೂ ಈ ಪ್ರಶ್ನೆ ಎದುರಾಗುತ್ತದೆ. ಅಮೆರಿಕದಲ್ಲಿ ಕಬ್ ವಿಭಾಗದ ಸಣ್ಣ ಗುಂಪುಗಳನ್ನು ಸಾಮಾನ್ಯವಾಗಿ ಪೋಷಕರೇ ನಡೆಸುವುದು. ಮಕ್ಕಳ ರಕ್ಷಣೆಯ ತರಬೇತಿ ಮುಗಿಸದೆ ಯಾರನ್ನೂ ಲೀಡರ್ ಆಗಿ ಸೇರಿಸಿಕೊಳ್ಳುವುದಿಲ್ಲ, ಚಟುವಟಿಕೆಗೆ ನೋಂದಾಯಿತ ಹಿರಿಯರು ಇಬ್ಬರಿರಲೇಬೇಕು. ಇಂಗ್ಲೆಂಡಿನಲ್ಲಿ ಸರ್ಕಾರದ ಮೂಲಕ ಅಪರಾಧ ಹಿನ್ನೆಲೆಯ ತಪಾಸಣೆಯಾಗುತ್ತದೆ. ಹೊಸ ಊರಿನಲ್ಲಿ ನೆರೆಹೊರೆಯ ಪರಿಚಯವಾಗಲು ಇದಕ್ಕಿಂತ ಒಳ್ಳೆಯ ದಾರಿ ಕಡಿಮೆ.

ಮೊದಲ ಹೆಜ್ಜೆ

ಹತ್ತಿರದ ಶಾಲೆಯಲ್ಲಿ ದಳವಿದ್ದರೆ ಮುಖ್ಯೋಪಾಧ್ಯಾಯರನ್ನು ಕಂಡು, ಸ್ಕೌಟ್ ಮೇಷ್ಟ್ರನ್ನು ಅಥವಾ ಗೈಡ್ ಮೇಡಮ್ ಅವರನ್ನು ಭೇಟಿ ಮಾಡಿ. ಇಲ್ಲದಿದ್ದರೆ ಜಿಲ್ಲಾ ಕೇಂದ್ರದಲ್ಲಿರುವ ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಕಚೇರಿಗೆ ಹೋಗಿ, ಜಿಲ್ಲಾ ಕಾರ್ಯದರ್ಶಿಯವರನ್ನೋ ಸಂಘಟಕರನ್ನೋ ಕೇಳಿ. ಜೂನ್ ತಿಂಗಳು ಒಳ್ಳೆಯದು, ಶಾಲೆ ಶುರುವಾಗಿ ದಳಗಳು ಹೊಸದಾಗಿ ಕೂಡುವ ಹೊತ್ತು. ‘ಏನು ಬೇಕಾದರೂ ಮಾಡುತ್ತೇನೆ’ ಎನ್ನಬೇಡಿ, ಹಾಗೆಂದವರಿಗೆ ಎಲ್ಲವೂ ಬಂದು ಬೀಳುತ್ತದೆ, ಅವರು ಮೂರು ತಿಂಗಳಿಗೆ ಕಾಣೆಯಾಗುತ್ತಾರೆ. ‘ತಿಂಗಳಿಗೆ ಎರಡು ಶನಿವಾರ ಬರಬಲ್ಲೆ’, ‘ಲೆಕ್ಕ ಬರೆಯಬಲ್ಲೆ’, ‘ಶಿಬಿರಕ್ಕೆ ಬಂದು ರಾತ್ರಿ ಉಳಿಯಬಲ್ಲೆ’ ಎಂದು ಖಚಿತವಾಗಿ ಹೇಳಿ. ಎಷ್ಟು ತಿಂಗಳಿಗೆ ಎನ್ನುವುದನ್ನೂ ಹೇಳಿ.

ನೀವೂ ಕೆಲವನ್ನು ಕೇಳಿ ತಿಳಿದುಕೊಳ್ಳಿ. ಈ ವರ್ಷದ ನೋಂದಣಿ ಆಗಿದೆಯೇ? ಹಣದ ಲೆಕ್ಕ ಯಾರ ಬಳಿ ಇದೆ? ಹೋದ ವರ್ಷ ಮಕ್ಕಳು ಎಷ್ಟು ಸಲ ಹೊರಗೆ ಹೋದರು? ಕೋರ್ಟ್ ಆಫ್ ಆನರ್ ಸೇರುತ್ತದೆಯೇ? ಕೊನೆಯ ಪ್ರಶ್ನೆಗೆ ‘ಅದೆಲ್ಲ ಇಲ್ಲ, ನಾವೇ ನೋಡ್ಕೋತೀವಿ’ ಎಂಬ ಉತ್ತರ ಬಂದರೆ, ನಿಮ್ಮ ಕೆಲಸ ಎಲ್ಲಿಂದ ಶುರುವಾಗಬೇಕು ಎಂಬುದು ಗೊತ್ತಾಯಿತು. ಮೊದಲ ನಾಲ್ಕೈದು ವಾರ ಮೈದಾನದ ಅಂಚಿನಲ್ಲಿ ಕೂತು ನೋಡಿ, ಮಕ್ಕಳ ಹೆಸರು ಕಲಿಯಿರಿ, ಯಾವ ಪ್ಯಾಟ್ರೋಲ್‌ನಲ್ಲಿ ಯಾರು ಮಾತಾಡದೆ ಇರುತ್ತಾರೆ ಎಂದು ಗಮನಿಸಿ. ಸಮವಸ್ತ್ರ ಹೊಲಿಸಲು ಅವಸರವಿಲ್ಲ.